ಕುಡಿದು ವಾಹನ ಚಲಾಯಿಸಿದ ಆರೋಪ ಮತ್ತು ಪ್ರತಿವಾದದ ಹಕ್ಕು

ತುಮಕೂರಿನ ಮಾನ್ಯ ಓದುಗರಿಗೆ,

ಕುಡಿದು ವಾಹನ ಚಲಾಯಿಸಿದ ಆರೋಪ ಹೊತ್ತವರು ತಪ್ಪೊಪ್ಪಿಕೊಳ್ಳದೆ ನ್ಯಾಯಾಲಯದಲ್ಲಿ ಪ್ರಕರಣವನ್ನು ಎದುರಿಸಬಹುದು ಎಂದು ಕಳೆದ ಸಂಚಿಕೆಯ ಕಾನೂನು ಅಂಕಣದಲ್ಲಿ ಬರೆದದ್ದು ತಮ್ಮನ್ನು ನೋಯಿಸಿದೆ. ಕಳೆದ ವರ್ಷ ಅಂಥ ಚಾಲಕನೊಬ್ಬನಿಂದ ಸೋದರಳಿಯನನ್ನು ಕಳೆದುಕೊಂಡ ತಾವು, "ಕುಡುಕರಿಗೆ ಪಾರಾಗುವ ದಾರಿಯನ್ನು ಪತ್ರಿಕೆ ಏಕೆ ಹೇಳಿಕೊಡಬೇಕು?" ಎಂದು ಕೇಳಿದ್ದೀರಿ. ಆ ದುಃಖದ ಎದುರು ಕಾನೂನಿನ ಕಲಮುಗಳ ಮಾತು ಸಣ್ಣದೆನಿಸುವುದು ಸಹಜ. ಆದರೂ ಆ ಅಂಕಣವನ್ನು ನಾನು ಸಮರ್ಥಿಸುತ್ತೇನೆ.

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ, ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದುದು ಪರೀಕ್ಷೆಯಿಂದ ತಿಳಿದುಬಂದಿರಬೇಕು. ಅಪರಾಧವೇ ಒಂದು ಅಂಕಿಯ ಮೇಲೆ ನಿಂತಿರುವಾಗ, ಆ ಅಂಕಿ ಹೇಗೆ ಬಂತೆಂದು ಕೇಳುವುದು ಆರೋಪಿಯ ವಕೀಲರ ಮೊದಲ ಕೆಲಸ. ಚಾಲಕನಿಂದ ಊದಿಸಿ ಮದ್ಯದ ಪ್ರಮಾಣ ಅಳೆಯುವ ಯಂತ್ರವಾದ ಆಲ್ಕೋಮೀಟರಿನ ನಿಖರತೆಯನ್ನು ಕಾಲಕಾಲಕ್ಕೆ ತಪಾಸಣೆ ಮಾಡಿಸಲಾಗಿತ್ತೇ, ಮುದ್ರಿತ ಚೀಟಿಯಲ್ಲಿರುವ ವೇಳೆ ದೂರಿನೊಂದಿಗೆ ಹೊಂದುತ್ತದೆಯೇ, ಬಂಧಿಸಿದ್ದರೆ 202ನೇ ಕಲಂ ಹೇಳುವಂತೆ ಎರಡು ಗಂಟೆಗಳೊಳಗೆ ವೈದ್ಯಕೀಯ ಪರೀಕ್ಷೆ ನಡೆಯಿತೇ ಎಂಬ ಪ್ರಶ್ನೆಗಳೆಲ್ಲ ಇದರಲ್ಲಿ ಸೇರುತ್ತವೆ. ಊದಿಸುವ ಮೊದಲು ಯಂತ್ರ ಸೊನ್ನೆ ತೋರಿಸಿರಲಿಲ್ಲವೆಂಬ ಕಾರಣಕ್ಕೆ ಕೇರಳ ಹೈಕೋರ್ಟ್ 2025ರಲ್ಲಿ ಇಂಥ ಆರೋಪವೊಂದನ್ನು ರದ್ದುಪಡಿಸಿತು. ಬಾಯಲ್ಲಿ ಮದ್ಯದ ವಾಸನೆ, ತೂರಾಡುವ ನಡಿಗೆ, ತೊದಲು ಮಾತು ಇದ್ದವೆಂಬುದರಿಂದಲೇ, ರಕ್ತ ಅಥವಾ ಮೂತ್ರದ ಪರೀಕ್ಷೆಯಿಲ್ಲದೆ, ಮದ್ಯಸೇವನೆ ಸಾಬೀತಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲಿಯೇ ಬಚ್ಚೂಭಾಯಿ ಕರ್ಯಾನಿ ಪ್ರಕರಣದಲ್ಲಿ ಹೇಳಿತ್ತು.

ಹಾಗೆಂದು ಪ್ರತಿವಾದಕ್ಕೆ ಮಿತಿಯಿಲ್ಲವೆಂದಲ್ಲ. ಊದಲು ನಿರಾಕರಿಸಿದರೆ ಬಚಾವಾಗಬಹುದೆಂಬ ನಂಬಿಕೆ ಶುದ್ಧ ತಪ್ಪು. ಸಕಾರಣವಿಲ್ಲದ ನಿರಾಕರಣೆಯನ್ನು 205ನೇ ಕಲಮಿನಡಿ ಆರೋಪಿಯ ವಿರುದ್ಧವೇ ಬಳಸಬಹುದು. ಪರೀಕ್ಷೆ ನಡೆಯದಿದ್ದರೂ, ಚಾಲಕ ಮದ್ಯದ ಅಮಲಿನಲ್ಲಿದ್ದನೆಂದು ಇತರ ಸಾಕ್ಷ್ಯಗಳಿಂದ ತೋರಿಸಿ ವಿಮಾ ಕಂಪನಿ ವಾಹನದ ನಷ್ಟ ಪರಿಹಾರವನ್ನು ನಿರಾಕರಿಸಬಹುದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪಿತ್ತಿದೆ.

ಅಂಕಣ ಬರೆಸಲು ಇನ್ನೊಂದು ಕಾರಣವೂ ಇತ್ತು. ಹತ್ತು ಸಾವಿರ ರೂಪಾಯಿ ಕಟ್ಟಿದರೆ ಮುಗಿಯಿತೆಂದು ತಿಳಿದು, ಕಾಗದಪತ್ರಗಳನ್ನು ಓದಿಯೂ ನೋಡದೆ, ತಪ್ಪೊಪ್ಪಿಕೊಂಡು ಬರುವವರಿದ್ದಾರೆ. ಮೊದಲ ಅಪರಾಧಕ್ಕೇ ಆರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಅಪರಾಧ ಸಾಬೀತಾದರೆ ಕನಿಷ್ಠ ಆರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ ಬರುತ್ತದೆ. ಮತ್ತೊಮ್ಮೆ ಸಿಕ್ಕಿಬಿದ್ದರೆ ಶಿಕ್ಷೆ ಎರಡು ವರ್ಷದವರೆಗೆ ಏರುತ್ತದೆ. ಆಟೋ, ಟ್ಯಾಕ್ಸಿ ಓಡಿಸಿ ಬದುಕುವವನಿಗೆ ಇದು ಮನೆಯ ಅನ್ನದ ಪ್ರಶ್ನೆ. ನಿಜವಾಗಿ ಕುಡಿದಿದ್ದವನು ಒಪ್ಪಿಕೊಳ್ಳುವುದೇ ಸರಿ ಎಂದು ನಾನೂ ಭಾವಿಸುತ್ತೇನೆ, ಆದರೆ ತಾನು ಏನನ್ನು ಒಪ್ಪುತ್ತಿದ್ದೇನೆಂಬುದು ಅವನಿಗೆ ಗೊತ್ತಿರಬೇಕು. ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದ ಅರ್ಹರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ. 15100 ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿ.

ಈಗ ತಮ್ಮ ಮನೆಯ ಪ್ರಕರಣದ ವಿಚಾರ. ಸಾವು ಸಂಭವಿಸಿದ ಪ್ರಕರಣಗಳು ಸೋಲುವುದು ಬಹಳ ಸಲ ತಡವಾಗಿ ತೆಗೆದ ರಕ್ತದ ಮಾದರಿಯಿಂದ, ಕಡತ ಸೇರದ ವರದಿಯಿಂದ. ಪಾಟೀಸವಾಲಿನಲ್ಲಿ ಇವೆಲ್ಲ ಹೊರಬರುತ್ತವೆಂದು ಬಲ್ಲ ತನಿಖಾಧಿಕಾರಿ ಮೊದಲ ರಾತ್ರಿಯೇ ಎಚ್ಚರ ವಹಿಸುತ್ತಾನೆ, ಅದರ ಫಲ ಸಿಗುವುದು ತಮ್ಮಂಥ ಕುಟುಂಬಗಳಿಗೆ. ರಕ್ತಪರೀಕ್ಷೆಯ ವರದಿ ದೋಷಾರೋಪ ಪಟ್ಟಿಯೊಂದಿಗೆ ಸಲ್ಲಿಕೆಯಾಗಿದೆಯೇ ಎಂದು ಸರ್ಕಾರಿ ಅಭಿಯೋಜಕರನ್ನು ದಯವಿಟ್ಟು ಕೇಳಿ. ಮೃತರ ವಾರಸುದಾರರಾಗಿ ತಮ್ಮ ಸಹೋದರಿಯವರು ನ್ಯಾಯಾಲಯದ ಅನುಮತಿ ಪಡೆದು, ಅಭಿಯೋಜಕರಿಗೆ ನೆರವಾಗಲು ತಮ್ಮದೇ ವಕೀಲರನ್ನು ನೇಮಿಸಿಕೊಳ್ಳಬಹುದು. ಆರೋಪಿ ಖುಲಾಸೆಯಾದರೆ ಮೇಲ್ಮನವಿ ಸಲ್ಲಿಸುವ ಹಕ್ಕೂ ಅವರಿಗಿದೆ. ಮುಂದಿನ ವಿಚಾರಣೆಯ ದಿನಾಂಕಕ್ಕೆ ಮೊದಲೇ ಈ ಕೆಲಸ ಆಗಲಿ.

— ಸಂಪಾದಕ