ಡಾಕ್ಟರೇಟ್ ಆದ ಮೇಲೂ ಓದೋದು ಐತೇನ್ರಿ?

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವನು. ಮಗಳು ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಪಿಎಚ್‌.ಡಿ. ಮುಗಿಸಿದ್ದಾಳೆ. ವಯಸ್ಸು 29. ಹಾವೇರಿ ಕಡೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಕೆಲಸ ಸಿಗುವಂತಿದೆ. ಅದನ್ನು ಬಿಟ್ಟು ಬೆಲ್ಜಿಯಂಗೆ ಎರಡು ವರ್ಷ 'ಪೋಸ್ಟ್ ಡಾಕ್' ಹೋಗುತ್ತೇನೆ ಅಂತಾಳೆ. ರೋಗಗಳ ಲೆಕ್ಕ ಅಂತೆ. ಡಾಕ್ಟರೇಟ್ ಆದ ಮೇಲೂ ಓದೋದು ಐತೇನ್ರಿ? ಇದು ಓದೋ, ನೌಕರಿಯೋ? ಮುಗಿದ ಮೇಲೆ ಏನು? ಗಂಡು ನೋಡುತ್ತಿದ್ದೇವೆ, ಬೀಗರಾಗುವವರು ಕೇಳಿದರೆ ಏನು ಹೇಳಲಿ? ಅವಳಿಗೆ ಬಂದ ಆಫರ್ ಪತ್ರದ ನಕಲು ಇದರ ಜೊತೆ ಇಟ್ಟಿದ್ದೇನೆ.
ಒಬ್ಬ ತಂದೆ, ಬ್ಯಾಡಗಿ

ಸಂಪಾದಕರ ಉತ್ತರ

ಸಾವಕಾರರೇ, ನಮಸ್ಕಾರ.

ನಿಮ್ಮ ಪತ್ರ ನಮ್ಮ ಹುಬ್ಬಳ್ಳಿ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಓಡಾಡಿತು. ಪುಟ ಕಟ್ಟುವ ಹುಡುಗ ಓದಿ, 'ಇದು ಪೋಸ್ಟ್ ಆಫೀಸಿನ ನೌಕರಿ ಏನ್ರಿ ಸರ್' ಅಂದ. ಎಲ್ಲರೂ ನಕ್ಕೆವು. ನಕ್ಕವರಲ್ಲಿ ಇಬ್ಬರಿಗೆ ಅದೇ ಅನುಮಾನ ಇತ್ತು ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಬೀಗರ ಪ್ರಶ್ನೆ. ಪೋಸ್ಟ್ ಡಾಕ್ ಅಂದರೆ ನೌಕರಿ. ತಿಂಗಳು ತಿಂಗಳು ದುಡ್ಡು ಬರುತ್ತದೆ, ರಜೆ ಇರುತ್ತದೆ, ಕರಾರು ಪತ್ರ ಇರುತ್ತದೆ. ಪರೀಕ್ಷೆ ಇಲ್ಲ, ಫೀ ಇಲ್ಲ, ಕೊನೆಗೆ ಇನ್ನೊಂದು ಪದವಿಯೂ ಇಲ್ಲ. ಪಿಎಚ್‌.ಡಿ. ಮುಗಿಸಿದವರು ಸ್ವತಂತ್ರವಾಗಿ ಸಂಶೋಧನೆಗೆ ಇಳಿಯುವ ಮೊದಲು ಎರಡು ಮೂರು ವರ್ಷ ಒಬ್ಬ ಹಿರಿಯ ಪ್ರೊಫೆಸರ ಜೊತೆ ಕೆಲಸ ಮಾಡುತ್ತಾರೆ, ಅಷ್ಟೇ. ನೀವೂ ಸ್ವಂತ ಅಂಗಡಿ ಹಾಕುವ ಮೊದಲು ಯಾರದೋ ಗಾದಿಯ ಮೇಲೆ ಕೂತು ಲೆಕ್ಕ ಬರೆದಿರಬೇಕು, ಅಲ್ವಾ? ಅದನ್ನು ಯಾರೂ ಓದು ಅನ್ನಲಿಲ್ಲ. ಬೀಗರು ಕೇಳಿದರೆ 'ಬೆಲ್ಜಿಯಂ ಯೂನಿವರ್ಸಿಟಿಯಲ್ಲಿ ನೌಕರಿ, ಎರಡು ವರ್ಷದ ಕರಾರು' ಅನ್ನಿ.

ಇನ್ನು 'ರೋಗಗಳ ಲೆಕ್ಕ ಅಂತೆ' ಅಂತ ಬರೆದಿದ್ದೀರಿ. ಆ 'ಅಂತೆ'ಯಲ್ಲಿ ಒಂದು ಚೂರು ತಾತ್ಸಾರ ಕಂಡಿತು ನನಗೆ. ಆದರೆ ಈ ಲೆಕ್ಕದ ಅರ್ಧ ಭಾಗ ಮಗಳಿಗಿಂತ ಮೊದಲೇ ನಿಮಗೆ ಗೊತ್ತು. ಟೆಂಡರ್ ದಿನ ನಿಮ್ಮ ಅಂಗಡಿ ಮುಂದೆ ಚೀಲ ಬಿಚ್ಚುತ್ತಾರೆ. ಖರೀದಿದಾರ ಮೇಲಿನ ನಾಲ್ಕು ಕಾಯಿ ನೋಡಿ ರೇಟು ಬರೆಯುತ್ತಾನೆಯೇ? ಮೊಣಕೈವರೆಗೆ ಕೈ ಇಳಿಸಿ ಒಳಗಿನ ಕಾಯಿ ತೆಗೆಯುತ್ತಾನೆ. ಬಣ್ಣ ನೋಡುತ್ತಾನೆ, ಮುರಿದು ತೇವ ನೋಡುತ್ತಾನೆ. ಒಂದು ಹಿಡಿಯಿಂದ ಇಡೀ ಚೀಲದ ಬೆಲೆ ಕಟ್ಟುವ ವಿದ್ಯೆ ಅದು.

ಈಗ ಇದನ್ನು ಹೇಳಿ. ಒಬ್ಬನೇ ರೈತನ 20 ಚೀಲ ನೋಡಿದರೆ ಈ ವರ್ಷದ ಮಾಲು ಹೇಗಿದೆ ಅಂತ ಗೊತ್ತಾಗುತ್ತದೆಯೇ? ಒಂದೇ ಹೊಲ, ಒಂದೇ ಬೀಜ, ಒಂದೇ ಕಣದಲ್ಲಿ ಒಣಗಿದ್ದು. ಎರಡು ಚೀಲ ನೋಡಿದರೆ ಉಳಿದ ಹದಿನೆಂಟು ನೋಡಿದ ಹಾಗೇ. 20 ರೈತರ ಒಂದೊಂದು ಚೀಲ ನೋಡಿದರೆ ಮಾತ್ರ ಏನಾದರೂ ತಿಳಿಯುತ್ತದೆ. ಜನರ ಆರೋಗ್ಯದ ಸಮೀಕ್ಷೆಯೂ ಹೀಗೆಯೇ. ಒಂದು ಊರಿನವರು ಒಂದೇ ಕೆರೆಯ ನೀರು ಕುಡಿಯುತ್ತಾರೆ, ಒಂದೇ ದವಾಖಾನೆಗೆ ಹೋಗುತ್ತಾರೆ. 30 ಊರುಗಳಲ್ಲಿ ತಲಾ 20 ಜನರನ್ನು ಕೇಳಿ 600 ಫಾರಂ ತುಂಬಿದರೆ, ಅದು 600 ಜನರ ಮಾಹಿತಿ ಅಂತ ನಾವು ನೀವು ಅಂದುಕೊಳ್ಳುತ್ತೇವೆ. ಒಂದೇ ಊರಿನವರ ನಡುವಿನ ಹೋಲಿಕೆಗೆ ಒಂದು ಅಳತೆ ಇದೆ: 0 ಅಂದರೆ ಹೋಲಿಕೆಯೇ ಇಲ್ಲ, 1 ಅಂದರೆ ಎಲ್ಲರೂ ಒಂದೇ ಥರ. ಅದು ಬರೀ 0.05 ಇದ್ದರೂ ಆ 600 ಜನ ಬಿಡಿಬಿಡಿಯಾಗಿ ಆರಿಸಿದ ಸುಮಾರು 308 ಜನರಿಗೆ ಸಮ. ಅಂದರೆ ಅರ್ಧ ಫಾರಂ ಗಾಳಿಗೆ ಹೋದ ಹಾಗೆ. ಹೇಗೆ ಅಂತ ಮಗಳನ್ನು ಕೇಳಿ, ಊಟದ ತಾಟಿನ ಪಕ್ಕದಲ್ಲೇ ಲೆಕ್ಕ ಮಾಡಿ ತೋರಿಸುತ್ತಾಳೆ. ಇದನ್ನು ಮರೆತವರು ಕೆಲಸ ಮಾಡದ ಔಷಧವನ್ನೂ ಕೆಲಸ ಮಾಡುತ್ತದೆ ಅಂತ ಬರೆದುಬಿಡಬಹುದು.

ಈ ವಿಷಯದಲ್ಲಿ ನಾನೂ ಒಮ್ಮೆ ಬೈಸಿಕೊಂಡವನು. ಪತ್ರಿಕೆಗೆ ಬರುವ ಮುಂಚೆ ಒಂದು ವರ್ಷ ಆರೋಗ್ಯ ಸಮೀಕ್ಷೆಯ ಫಾರಂ ತುಂಬುವ ಕೆಲಸ ಮಾಡಿದ್ದೆ. ನವಲಗುಂದ ತಾಲ್ಲೂಕು, ಸುಡು ಬೇಸಿಗೆ. ಕೂಲಿ ಮೂರು ತಿಂಗಳು ತಡವಾಗಿ ಬರುತ್ತಿತ್ತು, ಅದು ಬಿಡಿ. 'ಅಜ್ಜಿ, ವಯಸ್ಸೆಷ್ಟು' ಅಂದರೆ 'ನೀನ ಬರ್ಕೋ ತಮ್ಮಾ, ಅರವತ್ತೋ ಎಪ್ಪತ್ತೋ' ಅನ್ನುತ್ತಿದ್ದರು. ನಾನು ನಡುವೆ 65 ಅಂತ ಬರೆಯುತ್ತಿದ್ದೆ. ಕೂಸಿನ ತೂಕ ಕೇಳಿದರೆ 'ಎರಡೂವರಿ ಇತ್ತೇನೋ' ಅನ್ನುತ್ತಿದ್ದರು. 2.5 ಬರೆಯುತ್ತಿದ್ದೆ. ತಿಂಗಳಾದ ಮೇಲೆ ಕಚೇರಿಯ ಸಂಖ್ಯಾಶಾಸ್ತ್ರಜ್ಞರು ಕರೆದರು. ನನ್ನ ಫಾರಂಗಳನ್ನೆಲ್ಲ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ತೋರಿಸಿದರು. ವಯಸ್ಸುಗಳೆಲ್ಲ 0 ಮತ್ತು 5ರಲ್ಲಿ ಗುಡ್ಡೆ ಬಿದ್ದಿದ್ದವು. 2.5 ಕಿಲೋದಲ್ಲಂತೂ ಒಂದು ಕಂಬವೇ ಎದ್ದಿತ್ತು. 'ಈ ಊರಾಗಿನ ಕೂಸುಗಳೆಲ್ಲಾ ತಕ್ಕಡಿ ನೋಡ್ಕೊಂಡು ಹುಟ್ಟತಾವೇನು?' ಅಂದರು.

ನಗುವ ಮಾತಲ್ಲ ಅದು. 2.5 ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಕೂಸು ಅಂತ ಲೆಕ್ಕ. 2.4 ಇದ್ದದ್ದನ್ನು ನಾನು ಸುಮ್ನೆ 2.5 ಅಂತ ಬರೆದರೆ ಆ ಕೂಸು ಗೆರೆ ದಾಟಿಬಿಡುತ್ತದೆ. ಕಾಗದದ ಮೇಲೆ ಊರು ಆರೋಗ್ಯವಾಗುತ್ತದೆ. ಇಂಥ ಗುಡ್ಡೆಗಳ ಹಿಂದಿರುವ ನಿಜವಾದ ಅಂಕಿ ಎಷ್ಟಿರಬಹುದು ಅಂತ ಅಂದಾಜು ಮಾಡುವುದಕ್ಕೇ ವಿಧಾನಗಳಿವೆ. ನಿಮ್ಮ ಮಗಳಂಥವರು ಅವನ್ನು ಕಟ್ಟುತ್ತಾರೆ.

ಇದರಿಂದ ಯಾರಿಗೆ ಏನು ಬಂತು ಅಂತ ಕೇಳಬಹುದು. ಬೆಳಗಾವಿಯದನ್ನೇ ಹೇಳುತ್ತೇನೆ. 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ 1620 ಬಾಣಂತಿಯರ ಮೇಲೆ ಒಂದು ಪ್ರಯೋಗ ನಡೆಯಿತು. ಹೆರಿಗೆ ಆದ ಕೂಡಲೇ ಅರ್ಧ ಜನಕ್ಕೆ ರಕ್ತಸ್ರಾವ ತಡೆಯಲೆಂದು ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದ ಅರ್ಧಕ್ಕೆ ನೋಡಲು ಹಾಗೇ ಇರುವ, ಔಷಧ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಬಾಣಂತಿಗೂ ಗೊತ್ತಿಲ್ಲ, ಕೊಡುವ ಸಿಸ್ಟರಮ್ಮನಿಗೂ ಗೊತ್ತಿಲ್ಲ. ರಕ್ತ ಎಷ್ಟು ಹೋಯಿತು ಅನ್ನುವುದನ್ನು ಕಣ್ಣಂದಾಜಿಗೆ ಬಿಡಲಿಲ್ಲ. ಅಳತೆಯ ಗೆರೆ ಇದ್ದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಅಳೆದರು. ಅರ್ಧ ಲೀಟರು ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೋದವರು ಔಷಧ ಇಲ್ಲದ ಗುಂಪಿನಲ್ಲಿ ನೂರಕ್ಕೆ 12, ಔಷಧ ಪಡೆದವರಲ್ಲಿ 6.4. ಹದಿನೆಂಟು ಜನರಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಅಂತ ಲೆಕ್ಕ. 2006ರಲ್ಲಿ ಇದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮುಂದೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇಂಥ ಪ್ರಯೋಗಕ್ಕೆ ಎಷ್ಟು ಜನ ಬೇಕು, ಮಾತ್ರೆ ಹಂಚುವ ಚೀಟಿ ಹೇಗೆ ಎತ್ತಬೇಕು, ಕೊನೆಗೆ ಬಂದ ವ್ಯತ್ಯಾಸ ನಿಜವೋ ಅದೃಷ್ಟವೋ ಅನ್ನುವುದನ್ನು ಹೇಳಲು ಲೆಕ್ಕದವರೇ ಬೇಕು.

ನಮ್ಮ ಸೀಮೆಯವರ ಮಾತು ಬಂದಾಗ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರನ್ನು ಬಿಡಲಾಗದು. ಮುಂಡರಗಿಯಿಂದ ತುಂಗಭದ್ರೆ ದಾಟಿದರೆ ಹೂವಿನಹಡಗಲಿ. ಅವರು 1920ರಲ್ಲಿ ಹುಟ್ಟಿದ್ದು ಅಲ್ಲಿ. ಸೈನ್ಯದಲ್ಲಿ ಗಣಿತದ ಒಂದು ನೌಕರಿಗೆ ಅಂತ ಕಲ್ಕತ್ತೆಗೆ ಸಂದರ್ಶನಕ್ಕೆ ಹೋದರು. ಆ ನೌಕರಿ ಸಿಗಲಿಲ್ಲ. ಅಲ್ಲೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪರಿಚಯವಾಗಿ ಸೇರಿಕೊಂಡರು. 1946ರಲ್ಲಿ ಅವರನ್ನು ಕೇಂಬ್ರಿಜ್‌ಗೆ ಕರೆಸಿದ್ದು ಯಾವುದಕ್ಕೆ ಗೊತ್ತೇ? ಸುಡಾನಿನಲ್ಲಿ ಅಗೆದು ತೆಗೆದ ಹಳೆಯ ಮನುಷ್ಯರ ಎಲುಬುಗಳ ಅಳತೆಯ ಲೆಕ್ಕಕ್ಕೆ! ಅದನ್ನು ಮಾಡುತ್ತಲೇ ಸಂಖ್ಯಾಶಾಸ್ತ್ರದ ದೊಡ್ಡ ವಿದ್ವಾಂಸ ರೊನಾಲ್ಡ್ ಫಿಶರ್ ಕೈಕೆಳಗೆ ಪಿಎಚ್‌.ಡಿ. ಮುಗಿಸಿದರು. 1945ರಲ್ಲೇ ಬರೆದಿದ್ದ ಒಂದು ಪ್ರಬಂಧಕ್ಕೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಆಗ ಅವರಿಗೆ 102 ವರ್ಷ. ಅದೇ ವರ್ಷ ತೀರಿಕೊಂಡರು. ಬೇರೆಯವರ ಎಲುಬು ಎಣಿಸುತ್ತಿದ್ದಾಗಲೂ ಅವರು ತಮ್ಮದೇ ಗಣಿತ ಕಟ್ಟಿಕೊಳ್ಳುತ್ತಿದ್ದರು ಅನ್ನುವುದು ನನಗೆ ಇಲ್ಲಿ ಮುಖ್ಯ.

ಯಾಕೆಂದರೆ ಈ ದಾರಿಯಲ್ಲಿ ಒಂದು ಹಳ್ಳ ಇದೆ. ಯಾವ ಮೆಡಿಕಲ್ ಕಾಲೇಜಿನ ಸಂಖ್ಯಾಶಾಸ್ತ್ರದವರನ್ನಾದರೂ ಕೇಳಿ ನೋಡಿ. ಪಿ.ಜಿ. ಓದುವ ಡಾಕ್ಟರು ಪ್ರಬಂಧ ಒಪ್ಪಿಸುವ ವಾರ ಪೆನ್‌ಡ್ರೈವ್ ಹಿಡಿದು ಬರುತ್ತಾರೆ, 'ಮೇಡಂ, ಪಿ-ವ್ಯಾಲ್ಯೂ ತೆಗೆದುಕೊಡಿ.' ಔಷಧ ಕೆಲಸ ಮಾಡದಿದ್ದರೂ ಇಷ್ಟು ವ್ಯತ್ಯಾಸ ಬರೀ ಅದೃಷ್ಟದಿಂದ ಬರುವ ಸಾಧ್ಯತೆ ಎಷ್ಟು ಅಂತ ಹೇಳುವ ಅಂಕಿ ಅದು. ಎಕ್ಸೆಲ್ ತೆರೆದರೆ ಒಂದೇ ಕಾಲಂನಲ್ಲಿ ಗಂಡು ಅನ್ನುವುದನ್ನು ನಾಲ್ಕು ಥರ ಬರೆದಿರುತ್ತಾರೆ. ಇಂಥದ್ದಕ್ಕೆ ಫಿಶರ್ 1938ರಲ್ಲಿ ಕಲ್ಕತ್ತೆಯ ಸಮ್ಮೇಳನದಲ್ಲೇ ಹೇಳಿದ್ದರು: ಪ್ರಯೋಗ ಮುಗಿದ ಮೇಲೆ ಲೆಕ್ಕದವನ ಹತ್ತಿರ ಬಂದರೆ ಅವನು ಪೋಸ್ಟ್‌ಮಾರ್ಟಂ ಮಾಡಬಲ್ಲ, ಅಷ್ಟೇ. ಪೋಸ್ಟ್ ಡಾಕ್ ಹೋದವರಿಗೂ ವಿದೇಶದಲ್ಲಿ ಇದೇ ಗತಿ ಆಗಬಹುದು. ಎಲ್ಲರ ಡೇಟಾ ತೊಳೆದು, ಎಲ್ಲರ ಪ್ರಬಂಧದಲ್ಲಿ ಆರನೆಯ ಹೆಸರಾಗಿ, ಎರಡು ವರ್ಷದ ನಂತರ 'ನಿಮ್ಮದೇ ಕೆಲಸ ಯಾವುದು' ಅಂತ ಸಂದರ್ಶನದಲ್ಲಿ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ದೇಶ ಯಾವುದು, ಯೂನಿವರ್ಸಿಟಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಇದನ್ನು ವಿಚಾರಿಸುವುದು ಮೇಲು.

ಈಗ ನೀವು ಕಳಿಸಿದ ಆಫರ್ ಪತ್ರ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. 'ಎರಡು ವರ್ಷ' ಅಂತ ಅದರಲ್ಲಿ ಎಲ್ಲೂ ಇಲ್ಲ! ಮೊದಲು 12 ತಿಂಗಳು, ಕೆಲಸ ತೃಪ್ತಿಯಾದರೆ ಇನ್ನು 12 ತಿಂಗಳು ಅಂತಿದೆ. ಬೀಗರಿಗೆ ಹೇಳಿ ಅಂತ ಮೇಲೆ ಬರೆದೆನಲ್ಲ, ಅದನ್ನು ಒಂದು ವರ್ಷ ಅಂತ ತಿದ್ದಿಕೊಳ್ಳಿ. ಇದು ಮೋಸ ಅಲ್ಲ, ಹೀಗೆ ಕೊಡುವುದು ರೂಢಿ. ಆದರೆ ತೃಪ್ತಿ ಅಂದರೆ ಏನು, ಯಾವ ತಿಂಗಳಲ್ಲಿ ತಿಳಿಸುತ್ತಾರೆ ಅಂತ ಕೇಳಬೇಕು. ಇನ್ನೊಂದು ಸಾಲು, 'ವಿಭಾಗದ ಇತರ ಯೋಜನೆಗಳಿಗೂ ನೆರವಾಗಬೇಕು'. ನಾನು ಹೇಳಿದ ಹಳ್ಳ ಅದೇ. ವಾರದಲ್ಲಿ ಎಷ್ಟು ದಿನ ಅಂತ ಬರೆದಿಲ್ಲ. ಒಂದೂವರೆ ದಿನ ಆದರೆ ಸರಿ, ನಾಲ್ಕು ದಿನ ಆದರೆ ಕೂಲಿ. ಜೊತೆಗೆ ಸಂಬಳ ಕೊಡುವುದು ನೌಕರಿಯ ಕರಾರಿನ ಮೇಲೋ, ಫೆಲೋಶಿಪ್ ಅಂತಲೋ ಅನ್ನುವುದೂ ಸ್ಪಷ್ಟ ಇಲ್ಲ. ತೆರಿಗೆ, ಪಿಂಚಣಿ, ವಿಮೆ ಎಲ್ಲ ಅದರ ಮೇಲೆ ನಿಂತಿದೆ. ಆ ಪ್ರೊಫೆಸರ ಹತ್ತಿರ ಮುಂಚೆ ಕೆಲಸ ಮಾಡಿ ಹೊರಬಂದ ಇಬ್ಬರನ್ನು ಹುಡುಕಿ ಮಗಳು ಫೋನಿನಲ್ಲಿ ಮಾತಾಡಲಿ. ಮಾಲು ತರುವ ರೈತನ ಬಗ್ಗೆ ನೀವು ಅವನೂರಿನವರನ್ನು ವಿಚಾರಿಸುವುದಿಲ್ಲವೇ, ಹಾಗೆ.

ಅವಳಿಗೆ ಮೇರಿ ಕ್ಯೂರಿ ಹೆಸರಿನ ಯುರೋಪಿನ ಫೆಲೋಶಿಪ್ ಮೇಲೂ ಕಣ್ಣಿದ್ದರೆ ಒಂದು ಸೂಕ್ಷ್ಮ ಇದೆ. ಪಿಎಚ್‌.ಡಿ. ಆಗಿ ಎಂಟು ವರ್ಷದೊಳಗೆ ಅರ್ಜಿ ಹಾಕಬೇಕು, ಅವಳಿಗೆ ಬೇಕಾದಷ್ಟು ಸಮಯ ಇದೆ. ಆದರೆ ಯಾವ ದೇಶಕ್ಕೆ ಅರ್ಜಿಯೋ ಅಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಈಗ ಬೆಲ್ಜಿಯಂನಲ್ಲಿ ಎರಡು ವರ್ಷ ಕಳೆದರೆ ಅದರ ಬೆನ್ನಿಗೇ ಬೆಲ್ಜಿಯಂಗೆ ಅದು ಸಿಗದು, ಬೇರೆ ದೇಶಕ್ಕೆ ಸಿಗಬಹುದು. ನಮ್ಮ ದೇಶದಲ್ಲೇ ಮಾಡುವುದಾದರೆ ಕೇಂದ್ರದ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಇದೆ, ಎರಡು ವರ್ಷದ್ದು. ವಯಸ್ಸಿನ ಮಿತಿ 35, ಹೆಣ್ಣುಮಕ್ಕಳಿಗೆ ಐದು ವರ್ಷ ರಿಯಾಯಿತಿ. ದುಡ್ಡು ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಅನ್ನುವ ದೂರು ನಮ್ಮಲ್ಲಿ ಫೆಲೋಶಿಪ್ ಪಡೆದವರ ಬಾಯಲ್ಲಿ ಸದಾ ಇರುತ್ತದೆ. ಕೈಯಲ್ಲಿ ಆರು ತಿಂಗಳ ಖರ್ಚು ಇಟ್ಟುಕೊಂಡೇ ಇಳಿಯಬೇಕು.

ಮುಗಿದ ಮೇಲೆ ಏನು ಅನ್ನುವ ಪ್ರಶ್ನೆಗೆ ಸಿಹಿ ಮಾತು ಹೇಳಲಾರೆ. ಡಿಗ್ರಿ ಕಾಲೇಜಿನ ಕಾಯಂ ಉಪನ್ಯಾಸಕಿ ಆಗುವುದೇ ಗುರಿಯಾಗಿದ್ದರೆ ಪೋಸ್ಟ್ ಡಾಕ್ ಬೇಕಿಲ್ಲ. 2023ರ ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯ ಜೊತೆ ನೆಟ್ ಅಥವಾ ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಸಾಕು. ದುಡ್ಡೇ ಗುರಿಯಾಗಿದ್ದರೂ ಬೇಕಿಲ್ಲ. ಔಷಧ ಪ್ರಯೋಗಗಳ ಲೆಕ್ಕ ಮಾಡುವ ಬೆಂಗಳೂರಿನ ಕಂಪನಿಗಳು ಪಿಎಚ್‌.ಡಿ. ಆದವರನ್ನು ನೇರವಾಗಿ ತೆಗೆದುಕೊಳ್ಳುತ್ತವೆ. ಹುಬ್ಬಳ್ಳಿಯಲ್ಲಿ 1957ರಿಂದ ಮೆಡಿಕಲ್ ಕಾಲೇಜು ಇದೆ, ಈಗ ಗದಗ, ಹಾವೇರಿಯಲ್ಲೂ ಆಗಿವೆ. ಸಮುದಾಯ ವೈದ್ಯಶಾಸ್ತ್ರದ ವಿಭಾಗದಲ್ಲಿ ಲೆಕ್ಕದವರಿಗೆ ಜಾಗ ಇರುತ್ತದೆ, ಆದರೆ ಒಬ್ಬರು ಇಬ್ಬರಿಗೆ. ಕೂತವರು ಎದ್ದರೆ ಉಂಟು. ಪೋಸ್ಟ್ ಡಾಕ್ ಬೆಲೆ ಬರುವುದು ನಿಮ್ಹಾನ್ಸ್‌ನ ಬಯೋಸ್ಟ್ಯಾಟಿಸ್ಟಿಕ್ಸ್ ವಿಭಾಗ, ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ, ಐಐಟಿಗಳಂಥ ಕಡೆ. ಅಲ್ಲಿ ಸಂಶೋಧನೆ ನೋಡಿ ಕರೆಯುತ್ತಾರೆ. ಅವಳಿಗೆ ಅದೇ ಬೇಕಿದ್ದರೆ ಹೋಗಲಿ, ಇದು ನನ್ನ ಅಭಿಪ್ರಾಯ. ಅತಿಥಿ ಉಪನ್ಯಾಸಕಿ ಕೆಲಸ ಎರಡು ವರ್ಷ ಬಿಟ್ಟು ಬಂದರೂ ಹಾಗೇ ಇರುತ್ತದೆ. ಅದೂ ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕುವ ಕೆಲಸವೇ ತಾನೇ?

ಗಂಡು ನೋಡುವ ವಿಷಯ ನನಗೆ ತಿಳಿಯದ್ದು. ಅವಳನ್ನೇ ಕೇಳಿದ್ದೀರಾ? ಪತ್ರದಲ್ಲಿ ಕಾಣಲಿಲ್ಲ.

ಕರಾರಿನ ಅವಧಿ, ವಾರದ ದಿನ, ಸಂಬಳದ ಬಗೆ, ಈ ಮೂರಕ್ಕೂ ಪ್ರೊಫೆಸರಿಂದ ಇ-ಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಲಿ. ಫೋನಿನಲ್ಲಿ ಹೇಳಿದರೆ ಬೇಡ. ವೀಸಾದ ಹಣ ಆಮೇಲೆ ಕಟ್ಟಿದರಾಯಿತು.

ಸಂ.