ಹೊಸ ಅಕ್ವೇರಿಯಂಗೆ ಮೀನು ಬಿಡುವುದು ಯಾವಾಗ?

ಪ್ರಶ್ನೆ: ಸರ, ಹೋದ ತಿಂಗಳು ಎರಡು ಫೂಟಿನ ಟ್ಯಾಂಕ್ ತಂದ್ವಿ. ನಳದ ನೀರು ತುಂಬಿ ಅವತ್ತ ಸಂಜಿಗೆ ಆರು ಗೋಲ್ಡ್‌ಫಿಶ್ ಬಿಟ್ವಿ. ಮೂರನೇ ದಿನಕ್ಕ ನೀರು ಬೆಳ್ಳಗಾತು. ಎಲ್ಲಾ ಚೆಲ್ಲಿ, ಸ್ಪಂಜು, ಕಲ್ಲು ತೊಳದು ಮತ್ತ ತುಂಬಿದ್ವಿ. ಹತ್ತು ದಿನದಾಗ ಆರೂ ಸತ್ತವು. ಅಂಗಡಿಯವರು 'ಒಂದು ವಾರ ಖಾಲಿ ಮಷಿನ್ ಓಡಿಸ್ರಿ, ಆಮ್ಯಾಲೆ ಮೀನ ಒಯ್ಯಿರಿ' ಅಂತಾರ. ಒಂದು ವಾರ ಸಾಕೇನ್ರಿ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸಾಕಾಗುವುದಿಲ್ಲ. ಬರೀ ನೀರು ತುಂಬಿ ಮಷಿನ್ (ಅಂದರೆ ಫಿಲ್ಟರ್) ಓಡಿಸಿದರೆ ಒಂದು ವಾರವಲ್ಲ, ಒಂದು ತಿಂಗಳಾದರೂ ಹೆಚ್ಚೇನೂ ಆಗದು.

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ಅದರ ಹೊಲಸು, ತಿನ್ನದೆ ಉಳಿದ ಕಾಳು ಕೊಳೆತರೂ ಅಮೋನಿಯಾವೇ. ಇದನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೈಟ್ ರಕ್ತ ಸೇರಿದರೆ ಹಿಮೋಗ್ಲೋಬಿನ್ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ. ಕಿವಿರು ಕಂದುಬಣ್ಣಕ್ಕೆ ತಿರುಗಿ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ನಿಮ್ಮ ಮೀನುಗಳೂ ಹೀಗೆ ಮಾಡಿದ್ದವೇ, ನೆನಪಿಸಿಕೊಳ್ಳಿ. ಕೊನೆಯ ನೈಟ್ರೇಟ್ ಅಷ್ಟು ಕೇಡಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹಿಡಿತದಲ್ಲಿರುತ್ತದೆ.

ಈ ಬ್ಯಾಕ್ಟೀರಿಯಾಗಳು ಬಲು ನಿಧಾನ. ಸಾಮಾನ್ಯ ಸೂಕ್ಷ್ಮಜೀವಿ ಅರ್ಧ ತಾಸಿನಲ್ಲಿ ಇಮ್ಮಡಿಯಾದರೆ ಇವಕ್ಕೆ ಅರ್ಧ ದಿನದಿಂದ ಒಂದೂವರೆ ದಿನ ಬೇಕು. ಇವು ನೀರಿನಲ್ಲಿ ತೇಲಾಡುವುದೂ ಕಡಿಮೆ, ಸ್ಪಂಜು, ಕಲ್ಲುಗಳಿಗೆ ಅಂಟಿಕೊಂಡಿರುತ್ತವೆ. ನೀವು ನಳದಡಿ ತೊಳೆದದ್ದು ಹೊಲಸನ್ನಷ್ಟೇ ಅಲ್ಲ, ಆಗತಾನೆ ಕಾಲೂರುತ್ತಿದ್ದ ಈ ಬ್ಯಾಕ್ಟೀರಿಯಾಗಳನ್ನೂ. ನೀರು ಬೆಳ್ಳಗಾದದ್ದು ಬೇರೆ ಸೂಕ್ಷ್ಮಜೀವಿಗಳು ಒಮ್ಮೆಲೇ ಹೆಚ್ಚಿದ್ದರಿಂದ. ಹೊಸ ಟ್ಯಾಂಕಿನಲ್ಲಿ ಅದು ಮಾಮೂಲು, ಮುಟ್ಟದೆ ಬಿಟ್ಟರೆ ತಾನಾಗಿ ತಿಳಿಯಾಗುತ್ತದೆ.

ಈಗ ಮಾಡಬೇಕಾದದ್ದು. ಎರಡು ಫೂಟ್ ಉದ್ದ, ಒಂದೊಂದು ಫೂಟ್ ಅಗಲ, ಎತ್ತರ ಅಂದರೆ ಕಲ್ಲು ಕಳೆದು ಸುಮಾರು 50 ಲೀಟರ್ ನೀರು. ನಳ ಬಿಟ್ಟ ದಿನ ನೇರ ಪೈಪಿನಿಂದ ತುಂಬಬೇಡಿ, ಅದರಲ್ಲಿ ಕ್ಲೋರಿನ್ ಇರುತ್ತದೆ. ನಮ್ಮ ಊರಲ್ಲಿ ಮಲಪ್ರಭಾ ನೀರು ದಿನಾ ಬರುವುದಿಲ್ಲ ಅಂತ ಎಲ್ಲರೂ ಬೈಯುವವರೇ. ಮೀನು ಸಾಕುವವರಿಗೆ ಮಾತ್ರ ಅದರಿಂದ ಒಂದು ಉಪಕಾರ: ಸಂಪಿನಲ್ಲಿ ನಾಲ್ಕಾರು ದಿನ ನಿಂತ ನೀರಿನಲ್ಲಿ ಕ್ಲೋರಿನ್ ಬಹುಪಾಲು ಹಾರಿಹೋಗಿರುತ್ತದೆ. ಅವಸರವಿದ್ದರೆ ಆ್ಯಂಟಿ-ಕ್ಲೋರಿನ್ ಹನಿ ಹಾಕಿ.

ಆಮೇಲೆ ಮೀನಿಲ್ಲದೆಯೇ ಅಮೋನಿಯಾ ಕೊಡಿ, ಈ ಬ್ಯಾಕ್ಟೀರಿಯಾ ಬೆಳೆಯುವುದು ಅದರಿಂದಲೇ. ಚಿಟಿಕೆ ಮೀನಿನ ಕಾಳು ದಿನಾ ಹಾಕಿ ಕೊಳೆಸಿದರೂ ನಡೆಯುತ್ತದೆ, ಆದರೆ ಅಳತೆ ಸಿಗದು, ನಾತವೂ ಬರುತ್ತದೆ. ನಾನು ಹೇಳುವುದು ಅಮೋನಿಯಂ ಕ್ಲೋರೈಡ್, ಕಲಾಯಿ ಮಾಡುವವರು ಬಳಸುವ ನವಸಾಗರ. ಕಲಾಯಿಯವರ ಹತ್ತಿರದ್ದು ಬೇಡ, ಕಲಬೆರಕೆ ಇರಬಹುದು. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯ ಶುದ್ಧ ಪುಡಿ ತನ್ನಿ. 3 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ 100 ಮಿಲಿ ಮಾಡಿಟ್ಟುಕೊಂಡರೆ, ಅದರಲ್ಲಿ 10 ಮಿಲಿ ನಿಮ್ಮ 50 ಲೀಟರ್ ನೀರಿನಲ್ಲಿ ಪ್ರತಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯಾ ಕೊಡುತ್ತದೆ. ಅದಕ್ಕಿಂತ ಹೆಚ್ಚು ಸುರಿಯಬೇಡಿ. ಹೆಚ್ಚಾದರೆ ಬ್ಯಾಕ್ಟೀರಿಯಾ ಬೆಳೆಯುವುದೇ ತಡವಾಗುತ್ತದೆ.

ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಒಂದು ಬೇಕೇ ಬೇಕು. ಹೊಸ ಲೈಟು, ಬಣ್ಣದ ಕಲ್ಲಿಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ. ಟ್ಯೂಬನ್ನು ಬಿಳಿ ಹಾಳೆಯ ಮುಂದೆ ಹಿಡಿದು ಹಗಲು ಬೆಳಕಿನಲ್ಲಿ ನೋಡಿ, ಟ್ಯೂಬ್‌ಲೈಟಿನಡಿ ಬಣ್ಣ ಬೇರೆಯಾಗಿ ಕಂಡು ಮೋಸವಾಗಬಹುದು. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಬಹಳಷ್ಟು ಜನ ಇಲ್ಲೇ 'ಅಮೋನಿಯಾ ಸೊನ್ನೆ ಆಯ್ತು' ಅಂತ ಮೀನು ತರುವುದು. ತಡೆಯಿರಿ, ನೈಟ್ರೈಟ್ ಇಳಿಯಲು ಇನ್ನೂ ಹೆಚ್ಚು ದಿನ ಬೇಕು. ಅಮೋನಿಯಾ ಇಳಿದಾಗಲೆಲ್ಲ ಮತ್ತೆ 10 ಮಿಲಿ ಹಾಕುತ್ತಿರಿ. ನೈಟ್ರೈಟ್ ಬಹಳ ಏರಿದ್ದರೆ ಎರಡು ದಿನ ಬಿಟ್ಟು ಹಾಕಿ. ಯಾವತ್ತು 10 ಮಿಲಿ ಹಾಕಿ 24 ತಾಸಿಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುತ್ತವೋ ಅವತ್ತು ಟ್ಯಾಂಕ್ ತಯಾರು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಡಿಸೆಂಬರ್-ಜನವರಿಯ ಚಳಿಯಲ್ಲಿ ಇನ್ನೂ ಹೆಚ್ಚು. ಕೊನೆಗೆ ಮುಕ್ಕಾಲು ಪಾಲು ನೀರು ಬದಲಿಸಿ ಮೀನು ಬಿಡಿ.

ಬೇಗ ಆಗಬೇಕಾದರೆ, ರೋಗವಿಲ್ಲದ ಮೀನು ಸಾಕಿರುವ ಪರಿಚಯದವರಿಂದ ಓಡುತ್ತಿರುವ ಫಿಲ್ಟರಿನ ಸ್ಪಂಜಿನ ತುಂಡು ಕೇಳಿ. ಹಾಲಿಗೆ ಹೆಪ್ಪು ಹಾಕಿದಂತೆ ಅದು. ಹಳೆಯ ನೀರು ಬಾಟಲಿಯಲ್ಲಿ ತಂದು ಸುರಿದರೆ ಹೇಳಿಕೊಳ್ಳುವ ಲಾಭವಿಲ್ಲ.

ಇನ್ನು, 50 ಲೀಟರಿಗೆ ಆರು ಗೋಲ್ಡ್‌ಫಿಶ್ ಬೇಡವೇ ಬೇಡ. ತಯಾರಾದ ಟ್ಯಾಂಕಿನಲ್ಲೂ ಅವುಗಳ ಹೊಲಸು ಹಿಡಿತಕ್ಕೆ ಸಿಗದು. ನಾಲ್ಕೈದು ಗಪ್ಪಿಯಿಂದ ಶುರು ಮಾಡಿ.

ಪ್ರಶ್ನೆ: ನಮ್ಮ ಬೋರಿನ ನೀರು ಬಹಳ ಸವಳು. ಶುದ್ಧ ನೀರಿನ ಘಟಕದ ಕ್ಯಾನ್ ತಂದು ಟ್ಯಾಂಕ್ ತುಂಬಬಹುದೇ?
– ಮುಂಡರಗಿ, ಗದಗ ಜಿಲ್ಲೆ

ಉತ್ತರ: ಬರೀ ಆ ನೀರು ಬೇಡ. ಅಂಥ ಘಟಕಗಳಲ್ಲಿ ಲವಣಗಳನ್ನು ಬಹುಪಾಲು ತೆಗೆದಿರುತ್ತಾರೆ. ಮೇಲೆ ಹೇಳಿದ ಬ್ಯಾಕ್ಟೀರಿಯಾಗಳು ಕೆಲಸ ಮಾಡುತ್ತ ನೀರಿನ ಕ್ಷಾರವನ್ನು ಖರ್ಚು ಮಾಡುತ್ತವೆ. ಅದು ಮುಗಿದರೆ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ) ಕುಸಿದು ಇಡೀ ಕೆಲಸ ನಿಲ್ಲುತ್ತದೆ. ಗಡಸು ಬೋರ್ ನೀರಿನಲ್ಲಿ ಈ ಭಯವಿಲ್ಲ. ಆದರೆ ಪಿಎಚ್ ಹೆಚ್ಚಿದ್ದರೆ ಅಮೋನಿಯಾ ಹೆಚ್ಚು ವಿಷ: 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಅದರ ವಿಷರೂಪ ನೂರಕ್ಕೆ ಅರ್ಧ ಪಾಲಿನಷ್ಟಿದ್ದರೆ, 8ಕ್ಕೆ ನೂರಕ್ಕೆ ಐದು ಪಾಲು ದಾಟುತ್ತದೆ. ಅಂದರೆ ನೀವು ಮೀನು ಬಿಟ್ಟು 'ನೋಡೋಣ' ಅನ್ನುವ ಹಾಗೇ ಇಲ್ಲ. ಅರ್ಧ ಬೋರ್, ಅರ್ಧ ಕ್ಯಾನ್ ನೀರು ಬೆರೆಸಿ, ಗಪ್ಪಿ, ಮೋಲಿ ಸಾಕಿ. ಅವಕ್ಕೆ ಗಡಸು ನೀರೇ ಹಿತ.

ಪ್ರಶ್ನೆ: ಕರೆಂಟ್ ನಾಲ್ಕೈದು ತಾಸು ಹೋದರೆ ಬ್ಯಾಕ್ಟೀರಿಯಾ ಸಾಯ್ತಾವೇನ್ರಿ?
– ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಟ್ಯಾಂಕಿನೊಳಗಿನ ಸ್ಪಂಜ್ ಫಿಲ್ಟರ್ ಆದರೆ ಅಷ್ಟರಲ್ಲಿ ಸಾಯುವುದಿಲ್ಲ. ಮುಚ್ಚಿದ ಡಬ್ಬಿಯ ಫಿಲ್ಟರ್ ಆದರೆ ಒಳಗೆ ಆಮ್ಲಜನಕ ಮುಗಿದು ನೀರು ಕೊಳೆಯುತ್ತದೆ. ಕರೆಂಟ್ ಬಂದ ಮೇಲೆ ಆ ನೀರು ಟ್ಯಾಂಕಿಗೆ ಬೀಳದಂತೆ ಮೊದಲು ಹೊರಗೆ ಚೆಲ್ಲಿ, ಸ್ಪಂಜನ್ನು ಟ್ಯಾಂಕಿನದೇ ನೀರಿನಲ್ಲಿ ಒಮ್ಮೆ ಹಿಂಡಿ, ಆಮೇಲೆ ಮಷಿನ್ ಹಚ್ಚಿ. ಮಳೆಗಾಲಕ್ಕೆ ಬ್ಯಾಟರಿಯ ಏರ್ ಪಂಪ್ ಒಂದು ತಂದಿಟ್ಟುಕೊಳ್ಳಿ.