ಟೆಸ್ಟ್‌ಗಳ ಪಟ್ಟಿ ಸಾಕು, ತಲೆಸುತ್ತಿನ ಬಗ್ಗೆ ಬರೆಯಿರಿ

ನಮಸ್ಕಾರ. ತಲೆಬುರುಡೆಯ ತಳದಲ್ಲಿ ಬೆಳೆಯುವ ಗಡ್ಡೆಯ ಆಪರೇಷನ್‌ಗೆ ಮುಂಚೆ ಮತ್ತು ಆಮೇಲೆ ಸಮತೋಲನದ ನರವನ್ನು ಹೇಗೆ ಪರೀಕ್ಷಿಸುತ್ತಾರೆ ಅಂತ ನೀವು ಬರೆದ ಲೇಖನ ಓದಿದೆ. ಒಳ್ಳೆಯ ವಿಷಯ ಹಿಡಿದಿದ್ದೀರಿ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ತೊಂದರೆ ಇರುವುದು ನಾಲ್ಕನೇ ಪ್ಯಾರಾದಲ್ಲಿ. ಆಪರೇಷನ್ ಆದಮೇಲೆ ಕ್ಯಾಲೊರಿಕ್ ಟೆಸ್ಟ್ (ಕಿವಿಗೆ ತಣ್ಣನೆಯ, ಬಿಸಿ ನೀರು ಬಿಟ್ಟು ಕಣ್ಣಿನ ಚಲನೆ ನೋಡುವ ಪರೀಕ್ಷೆ) ಶೂನ್ಯ ತೋರಿಸಿದರೆ, ಅಂದರೆ ಆ ಕಿವಿ ಪ್ರತಿಕ್ರಿಯಿಸದಿದ್ದರೆ, ತಲೆಸುತ್ತು ಜೀವನಪೂರ್ತಿ ಇರುತ್ತದೆ ಅಂದಿದ್ದೀರಿ. ಅದು ತಪ್ಪು. ನೀವು ಬರೆದಿರುವ ವೆಸ್ಟಿಬ್ಯುಲರ್ ಶ್ವಾನೋಮಾ ಹುಟ್ಟುವುದೇ ಸಮತೋಲನದ ನರದ ಹೊದಿಕೆಯಲ್ಲಿ. ಗಡ್ಡೆ ತೆಗೆಯುವಾಗ ಆ ಕಡೆಯ ನರ ಸಾಮಾನ್ಯವಾಗಿ ಉಳಿಯುವುದಿಲ್ಲ, ಹಾಗಾಗಿ ಆಮೇಲೆ ಶೂನ್ಯ ಬಂದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಒಬ್ಬರು ಬೇಗ ಎದ್ದು ಓಡಾಡುತ್ತಾರೆ, ಇನ್ನೊಬ್ಬರು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ವಾಂತಿ ಮಾಡಿಕೊಳ್ಳುತ್ತಾರೆ, ಟೆಸ್ಟ್ ನೋಡಿದರೆ ಇಬ್ಬರದ್ದೂ ಶೂನ್ಯವೇ. ಯಾಕೆ ಹೀಗೆ? ಓದುವವರಿಗೆ ಬೇಕಾಗಿರುವುದು ಇದು, ಅಲ್ವಾ?

ಉತ್ತರ ಹೆಚ್ಚಾಗಿ ಆಪರೇಷನ್‌ಗೆ ಮುಂಚಿನ ಟೆಸ್ಟಿನಲ್ಲೇ ಸಿಗುತ್ತದೆ. ಗಡ್ಡೆ ನಿಧಾನವಾಗಿ ಬೆಳೆದು ನರದ ಕೆಲಸವನ್ನು ಮೊದಲೇ ಕಿತ್ತುಕೊಂಡಿದ್ದರೆ ಮೆದುಳು ಅಷ್ಟರಲ್ಲಿ ಹೊಂದಿಕೊಂಡಿರುತ್ತದೆ, ಆಪರೇಷನ್ ಆದಮೇಲೆ ಹೊಸದಾಗಿ ಕಳೆದುಕೊಳ್ಳುವುದು ಕಡಿಮೆ. ಚೆನ್ನಾಗಿದ್ದ ನರ ಒಂದೇ ದಿನ ಹೋದರೆ ಮೊದಲ ದಿನಗಳು ಜಾಸ್ತಿ ಕಷ್ಟ. ಕಣ್ಣುಗುಡ್ಡೆ ಸರಿಯಿರುವ ಕಿವಿಯ ಕಡೆಗೆ ಮತ್ತೆ ಮತ್ತೆ ಹಾರುತ್ತದೆ, ರೂಮೇ ತಿರುಗಿದ ಹಾಗೆ ಕಾಣುತ್ತದೆ. ಅದಕ್ಕೇ ಕೆಲವರು, ಆ ಕಿವಿಯ ಕೇಳುವಿಕೆ ಹೇಗೂ ಉಳಿಯದು ಅನ್ನುವ ರೋಗಿಗಳಲ್ಲಿ, ಮುಂಚೆಯೇ ಜೆಂಟಾಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ಅನ್ನು ಕಿವಿಯೊಳಗೆ ಚುಚ್ಚಿ ಒಳಕಿವಿಯ ಸಮತೋಲನವನ್ನು ಬೇಕಂತಲೇ ತಗ್ಗಿಸಿ ವ್ಯಾಯಾಮ ಶುರು ಮಾಡಿಸುತ್ತಾರೆ. ಇಷ್ಟು ದೊಡ್ಡ ವಿಷಯ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ!

ಕ್ಯಾಲೊರಿಕ್ ಟೆಸ್ಟ್ ರೂಪಿಸಿದ ವೈದ್ಯ ಬರಾನಿಗೆ 1914ರ ನೊಬೆಲ್ ಬಂದದ್ದಕ್ಕೆ ಅರ್ಧ ಪುಟ ಬೇಡ. ಬದಲಿಗೆ ಅವರ ಟೆಸ್ಟಿನ ಮಿತಿ ಹೇಳಿ. ಕಿವಿಗೆ 30 ಮತ್ತು 44 ಡಿಗ್ರಿಯ ನೀರು ಬಿಟ್ಟು ನೋಡುವಾಗ ತಿಳಿಯುವುದು ಮುಖ್ಯವಾಗಿ ಒಳಕಿವಿಯ ಮೂರು ಸಮತೋಲನ ಕಾಲುವೆಗಳಲ್ಲಿ ಒಂದಾದ ಅಡ್ಡ ಕಾಲುವೆ ಮತ್ತು ಸಮತೋಲನದ ನರದ ಮೇಲಿನ ಕವಲಿನ ಸ್ಥಿತಿ ಮಾತ್ರ. ಗಡ್ಡೆ ಕೆಳಗಿನ ಕವಲಿನಲ್ಲಿದ್ದರೆ ಇದು ಸರಿಯಾಗಿಯೇ ಬರಬಹುದು. ಆ ಕವಲಿಗೆ, ಕಿವಿಗೆ ಶಬ್ದ ಕೇಳಿಸಿ ಕತ್ತಿನ ಸ್ನಾಯುವಿನ ಪ್ರತಿಕ್ರಿಯೆ ಅಳೆಯುವ ವೆಂಪ್ (VEMP) ಟೆಸ್ಟ್ ಬೇಕು.

ಹೆಡ್ ಇಂಪಲ್ಸ್ ಟೆಸ್ಟಿಗೆ ಮೆಷಿನ್ ವರ್ಣನೆ ಬಿಡಿ, ಕಣ್ಣನ್ನು ತೋರಿಸಿ. ರೋಗಿ ಎದುರಿನ ಚುಕ್ಕೆಯನ್ನೇ ನೋಡುತ್ತಿರುತ್ತಾರೆ, ಪರೀಕ್ಷಿಸುವವರು ತಲೆಯನ್ನು ಸ್ವಲ್ಪವೇ ಆದರೆ ಪಟ್ಟನೆ ತಿರುಗಿಸುತ್ತಾರೆ. ನರ ಸರಿಯಿದ್ದರೆ ಕಣ್ಣು ಚುಕ್ಕೆಯ ಮೇಲೇ ನಿಲ್ಲುತ್ತದೆ. ಇಲ್ಲದಿದ್ದರೆ ಕಣ್ಣು ತಲೆಯ ಜೊತೆ ಹೋಗಿ, ಆಮೇಲೆ ಚಂಗನೆ ಚುಕ್ಕೆಗೆ ವಾಪಸ್ ಬರುತ್ತದೆ. ಇದನ್ನು ಓದಿದವರು ಮರೆಯುವುದಿಲ್ಲ.

ರೋಗಿಗೆ ಹೇಗನಿಸುತ್ತಿದೆ ಅಂತ ಅಳೆಯುವುದನ್ನೂ ಬಿಟ್ಟಿದ್ದೀರಿ. ತಲೆಸುತ್ತಿನ ತೊಂದರೆ ಕೇಳುವ 25 ಪ್ರಶ್ನೆಗಳ, 100 ಅಂಕದ ಪಟ್ಟಿಯೊಂದಿದೆ. ಅದರ ಅಂಕ ಎಷ್ಟೋ ಸಲ ಕಿವಿಯ ಟೆಸ್ಟಿನ ಜೊತೆ ಹೊಂದುವುದಿಲ್ಲ. ಆಪರೇಷನ್‌ಗೆ ಮುಂಚೆ ಒಮ್ಮೆ, ಕೆಲವು ತಿಂಗಳಾದ ಮೇಲೆ ಒಮ್ಮೆ ಕೇಳಿದರೆ ರೋಗಿ ಎಷ್ಟು ಚೇತರಿಸಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ. ಇದನ್ನು ಸೇರಿಸಿ, ನಾಲ್ಕನೇ ಪ್ಯಾರಾ ಹೊಸದಾಗಿ ಬರೆದು ಕಳಿಸಿ. ನಾನೇ ಓದುತ್ತೇನೆ.